ಸೊನ್ನೆ ಕಂಡರೆ ಸಾಕೇ? ಅತಿವಾಹಕತೆಯ ಮೂಲಕ ಪುರಾವೆಯ ಪಾಠ

ರೋಧವೆಂದರೆ ವಿಭವಾಂತರವನ್ನು ವಿದ್ಯುತ್ ಪ್ರವಾಹದಿಂದ ಭಾಗಿಸಿದಾಗ ಬರುವ ಬೆಲೆ ಎಂದು ಹತ್ತನೆಯ ತರಗತಿಯಲ್ಲಿ ಕಲಿಸುತ್ತೇವೆ. ಆ ಬೆಲೆ ಸೊನ್ನೆ ಬಂದರೆ ಏನು ಅರ್ಥ? ಈ ಒಂದು ಪ್ರಶ್ನೆಯಿಂದ ಪುರಾವೆಯನ್ನು ಪರೀಕ್ಷಿಸುವ ಕ್ರಮವನ್ನೇ ಕಲಿಸಬಹುದು ಎಂಬುದು ಈ ಲೇಖನದ ಆಶಯ.

ವಿಷಯ ಹಿನ್ನೆಲೆ

1911ರಲ್ಲಿ ಕಾಮರ್ಲಿಂಗ್ ಓನ್ಸ್ ಪಾದರಸವನ್ನು ಸುಮಾರು 4.2 ಕೆಲ್ವಿನ್‌ಗೆ ತಂಪಾಗಿಸಿದಾಗ ಅದರ ರೋಧ ಥಟ್ಟನೆ ಮಾಯವಾಯಿತು. ಇದೇ ಅತಿವಾಹಕತೆ. 1933ರಲ್ಲಿ ಮೈಸ್ನರ್ ಮತ್ತು ಓಕ್ಸೆನ್‌ಫೆಲ್ಡ್ ಎರಡನೆಯ ಲಕ್ಷಣವನ್ನು ತೋರಿಸಿದರು: ಅತಿವಾಹಕವು ಕಾಂತಕ್ಷೇತ್ರವನ್ನು ತನ್ನೊಳಗಿನಿಂದ ಹೊರದಬ್ಬುತ್ತದೆ. ಹೀಗಾಗಿ ಸೊನ್ನೆ ರೋಧವೊಂದೇ ಸಾಕ್ಷಿಯಾಗಿ ಸಾಲದು, ಕಾಂತೀಯ ಸಾಕ್ಷಿಯೂ ಬೇಕು.

ಬೆಂಗಳೂರಿನ ಉದಾಹರಣೆ

2018ರ ಜುಲೈಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೇವ್ ಕುಮಾರ್ ಥಾಪಾ ಮತ್ತು ಅಂಶು ಪಾಂಡೆ ಚಿನ್ನದೊಳಗೆ ಬೆಳ್ಳಿಯ ನ್ಯಾನೋ ಕಣಗಳನ್ನು ಹುದುಗಿಸಿದ ವಸ್ತುವು 236 ಕೆಲ್ವಿನ್‌ನಲ್ಲಿ, ಅಂದರೆ ಸುಮಾರು ಮೈನಸ್ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅತಿವಾಹಕವಾಗುತ್ತದೆ ಎಂಬ ಪ್ರಬಂಧವನ್ನು ಪ್ರಕಟಣಪೂರ್ವ ರೂಪದಲ್ಲಿ ಹೊರತಂದರು. ಎರಡೂ ಲಕ್ಷಣಗಳ ನಕ್ಷೆಗಳು ಅದರಲ್ಲಿದ್ದವು.

ಆಗಸ್ಟ್‌ನಲ್ಲಿ ಎಂಐಟಿಯ ಬ್ರಯನ್ ಸ್ಕಿನ್ನರ್ ಒಂದು ವಿಚಿತ್ರವನ್ನು ಗುರುತಿಸಿದರು. ಬೇರೆ ಬೇರೆ ಕಾಂತಕ್ಷೇತ್ರಗಳಲ್ಲಿ ಅಳೆದ ಎರಡು ರೇಖೆಗಳಲ್ಲಿ ಸಣ್ಣಪುಟ್ಟ ಏರಿಳಿತಗಳು ಒಂದೇ ತೆರನಾಗಿದ್ದವು. ಏರಿಳಿತ ಯಾದೃಚ್ಛಿಕವಾಗಿದ್ದರೆ ಅದು ಮರುಕಳಿಸಬಾರದು. ನಾಣ್ಯವನ್ನು 20 ಸಲ ಚಿಮ್ಮಿ, ಮತ್ತೆ 20 ಸಲ ಚಿಮ್ಮಿದಾಗ ಅದೇ ಕ್ರಮ ಬರುವ ಸಾಧ್ಯತೆ ಸುಮಾರು 10 ಲಕ್ಷದಲ್ಲಿ ಒಂದು. ಹಾಗೆಂದು ಇದರಿಂದಲೇ ಅಕ್ರಮ ನಡೆದಿದೆ ಎನ್ನಲಾಗದು, ವಿವರಣೆ ಬೇಕು ಎಂದಷ್ಟೇ ಹೇಳಬಹುದು.

ಪೆಕ್ಕರ್ ಮತ್ತು ಲೆವಿ ಎಂಬ ವಿಜ್ಞಾನಿಗಳು ರೋಧದ ಅಳತೆಯ ಬಗ್ಗೆ ಇನ್ನೊಂದು ಸಾಧ್ಯತೆಯನ್ನು ಮುಂದಿಟ್ಟರು. ಇಂಥ ಅಳತೆಯಲ್ಲಿ ನಾಲ್ಕು ತಂತಿಗಳಿರುತ್ತವೆ: ಎರಡರ ಮೂಲಕ ಪ್ರವಾಹ ಹರಿಯುತ್ತದೆ, ಉಳಿದೆರಡು ವಿಭವಾಂತರವನ್ನು ಅಳೆಯುತ್ತವೆ. ಕಣಗಳ ನಡುವಿನ ಸಂಪರ್ಕ ತಾಪದೊಂದಿಗೆ ಬದಲಾಗಿ ಪ್ರವಾಹದ ದಾರಿಯೇ ಸರಿದರೆ, ಅಳೆಯುವ ತಂತಿಗಳ ನಡುವೆ ವಿಭವಾಂತರ ಕಾಣದು. ಆಗ ಸಾಧಾರಣ ಲೋಹವೂ 'ಸೊನ್ನೆ ರೋಧ' ತೋರಿಸುತ್ತದೆ.

2019ರ ಮೇಯಲ್ಲಿ ಹೆಚ್ಚಿನ ಲೇಖಕರೊಂದಿಗೆ, ಹೆಚ್ಚಿನ ದತ್ತಾಂಶದೊಂದಿಗೆ ಪರಿಷ್ಕೃತ ಪ್ರಬಂಧ ಬಂತು. ಆದರೂ ಆ ಪ್ರತಿಪಾದನೆಯನ್ನು ವಿಜ್ಞಾನಲೋಕ ಸ್ಥಾಪಿತ ಸತ್ಯವೆಂದು ಸ್ವೀಕರಿಸಿಲ್ಲ.

ತರಗತಿ ಚಟುವಟಿಕೆ

ಸಾಮಗ್ರಿ: ಶುಷ್ಕಕೋಶ, ನೈಕ್ರೋಮ್ ತಂತಿ, ಅಮ್ಮೀಟರ್, ಮುಳ್ಳಿನ ವೋಲ್ಟ್‌ಮೀಟರ್, ರಟ್ಟಿನ ಪರದೆ.

1. ವಿದ್ಯಾರ್ಥಿಗಳಿಂದಲೇ ತಂತಿಯ ರೋಧವನ್ನು ಅಳೆಯಿಸಿ.
2. ಪರದೆಯ ಹಿಂದೆ ವೋಲ್ಟ್‌ಮೀಟರಿನ ಒಂದು ತಂತಿಯನ್ನು ಬಿಡಿಸಿ. ಪ್ರವಾಹ ಹಾಗೆಯೇ ಇರುತ್ತದೆ, ವೋಲ್ಟ್‌ಮೀಟರ್ ಮಾತ್ರ ಸೊನ್ನೆ ತೋರಿಸುತ್ತದೆ.
3. 'ನೈಕ್ರೋಮ್ ಅತಿವಾಹಕವಾಯಿತೇ?' ಎಂದು ಕೇಳಿ. ಸೊನ್ನೆಗೆ ಇರಬಹುದಾದ ಕಾರಣಗಳನ್ನೆಲ್ಲ ಹಲಗೆಯ ಮೇಲೆ ಪಟ್ಟಿಮಾಡಿಸಿ.
4. ಪ್ರತಿ ಕಾರಣಕ್ಕೂ ಒಂದೊಂದು ಪರೀಕ್ಷೆಯನ್ನು ಅವರೇ ಸೂಚಿಸಲಿ: ತಂತಿಯನ್ನು ಎಳೆದು ನೋಡುವುದು, ಬೇರೆ ಜಾಗಕ್ಕೆ ಜೋಡಿಸುವುದು, ವೋಲ್ಟ್‌ಮೀಟರನ್ನೇ ಬದಲಿಸುವುದು.

ಬೆಂಗ್ರೆಯಂಥ ಮೀನುಗಾರರ ಊರಿನ ಮಕ್ಕಳಿಗೆ ಇದನ್ನು ಬೋಟಿನ ಫಿಶ್ ಫೈಂಡರ್‌ನಿಂದ ಆರಂಭಿಸಬಹುದು. ಪರದೆಯ ಮೇಲೆ ಕಾಣುವ ಪ್ರತಿಧ್ವನಿಯ ಗುರುತು ಮೀನಿನ ಹಿಂಡಾಗಿರಬಹುದು, ಗಾಳಿಗುಳ್ಳೆಗಳೂ ಆಗಿರಬಹುದು. ಬಲೆ ಮೇಲೆ ಬಂದಾಗಲೇ ನಿಶ್ಚಯ.

ಮುಂದುವರಿದ ಕಲಿಕೆಗೆ

ಟೊಪೊಲಾಜಿಕಲ್ ಅತಿವಾಹಕತೆಯಲ್ಲೂ ಇದೇ ತೊಡಕಿದೆ. ಅತಿವಾಹಕ ಲೇಪಿಸಿದ ನ್ಯಾನೋ ತಂತಿಯ ಎರಡೂ ತುದಿಗಳಲ್ಲಿ ಮಯೋರಾನಾ ಸ್ಥಿತಿಗಳು ಇರಬೇಕೆಂಬುದು ಸಿದ್ಧಾಂತ. ಇದ್ದರೆ ಶೂನ್ಯ ವೋಲ್ಟೇಜಿನಲ್ಲಿ ವಾಹಕತೆಯ ಶಿಖರವೊಂದು ಕಾಣುತ್ತದೆ. ಆದರೆ ಆಂಡ್ರೀವ್ ಸ್ಥಿತಿಗಳೆಂಬ ಸಾಮಾನ್ಯ ಸ್ಥಿತಿಗಳೂ ಅಂಥದೇ ಶಿಖರವನ್ನು ಕೊಡಬಲ್ಲವು. ಆದ್ದರಿಂದ ಒಂದು ತುದಿಯ ಶಿಖರ ಸಾಲದು. ಎರಡೂ ತುದಿಗಳನ್ನೂ ನಡುವಿನ ಭಾಗವನ್ನೂ ನೋಡಬೇಕು. ನೆದರ್ಲೆಂಡ್ಸ್‌ನ ಡೆಲ್ಫ್ಟ್ ತಂಡ 2018ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಇಂಥ ಪ್ರಬಂಧವನ್ನು 2021ರಲ್ಲಿ ಹಿಂಪಡೆಯಲಾಯಿತು. ಪೂರ್ಣ ದತ್ತಾಂಶವನ್ನು ನೋಡಿದಾಗ ಮೊದಲ ತೀರ್ಮಾನ ನಿಲ್ಲಲಿಲ್ಲ.

ಬೋಧಕರ ಗಮನಕ್ಕೆ

ಪಠ್ಯದ ಉತ್ತರಕ್ಕೆ ಹೊಂದುವಂತೆ ರೀಡಿಂಗ್ ಬರೆಯುವ ರೂಢಿ ಶಾಲಾ ಪ್ರಯೋಗಾಲಯಗಳಲ್ಲಿದೆ. ಸರಿಯುತ್ತರಕ್ಕಷ್ಟೇ ಅಂಕವಿದ್ದರೆ ಆ ರೂಢಿ ಬೆಳೆಯುತ್ತದೆ. ಹೊಂದದ ರೀಡಿಂಗನ್ನೂ ದಾಖಲಿಸಿ, ಅದಕ್ಕೆ ಕಾರಣ ಹುಡುಕಿದವರಿಗೂ ಅಂಕ ಕೊಡಬೇಕು. ಪಾಠದ ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಸಾಕು: 'ನಿನ್ನ ತೀರ್ಮಾನ ತಪ್ಪಾಗಿದ್ದರೆ ಅದು ನಿನಗೆ ಹೇಗೆ ತಿಳಿಯುತ್ತದೆ?'