ನಾಲ್ಕೂವರೆಯ ಅಲಾರಂ

ಏಪ್ರಿಲ್ ಹತ್ತಿರವಾದಂತೆ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಬೆಳಗಿನ ಜಾವ ನಾಲ್ಕೂವರೆಗೇ ದೀಪ ಹತ್ತುತ್ತದೆ. ಅಪ್ಪ ಅಲಾರಂ ಇಟ್ಟಿರುತ್ತಾರೆ, ಅಮ್ಮ ಹಾಲು ಕಾಯಿಸಿರುತ್ತಾರೆ. ಸಿಇಟಿಗೆ ಓದುತ್ತಿರುವ ಹುಡುಗ ರಸಾಯನಶಾಸ್ತ್ರದ ಪುಸ್ತಕ ತೆರೆದು, ಒಂದೇ ಸಾಲಿನ ಮೇಲೆ ಬೆರಳಿಟ್ಟುಕೊಂಡು, ಕಣ್ಣು ಮುಚ್ಚಿ ಕುಳಿತಿರುತ್ತಾನೆ. ‘ತೂಕಡಿಸ್ತಿದ್ದೀಯಲ್ಲೋ, ಎದ್ದು ಮುಖ ತೊಳ್ಕೊ’ ಎಂಬ ದನಿ ಅಡುಗೆಮನೆಯಿಂದ ಕೇಳುತ್ತದೆ. ಬೆಳಗಿನ ಜಾವ ಓದಿದ್ದು ಚೆನ್ನಾಗಿ ತಲೆಗೆ ಹತ್ತುತ್ತದೆ ಎನ್ನುವುದು ಹಿರಿಯರ ಗಟ್ಟಿ ನಂಬಿಕೆ. ರಾತ್ರಿ ಒಂಬತ್ತಕ್ಕೆಲ್ಲ ಊರು ಮಲಗುತ್ತಿದ್ದ ಕಾಲದಲ್ಲಿ ಅದರಲ್ಲಿ ತಪ್ಪೇನೂ ಇರಲಿಲ್ಲ. ಹನ್ನೆರಡಕ್ಕೆ ಮಲಗಿದ ಹುಡುಗನಿಗೆ ಅದೇ ಸೂತ್ರ ಹಚ್ಚಿದರೆ ಮಾತ್ರ ಲೆಕ್ಕ ತಪ್ಪುತ್ತದೆ.

ಅವನು ಬೇಗ ಮಲಗಬಾರದೇ ಎಂದು ಕೇಳಬಹುದು. ಮೊಬೈಲಿನ ಪಾಲು ಇದ್ದೇ ಇದೆ, ಆದರೆ ಪೂರ್ತಿ ತಪ್ಪು ಮೊಬೈಲಿನದಲ್ಲ. ಪ್ರಾಯಕ್ಕೆ ಬಂದಂತೆ ದೇಹದೊಳಗಿನ ಗಡಿಯಾರವೇ ಹಿಂದೆ ಬೀಳುತ್ತದೆ. ‘ರಾತ್ರಿಯಾಯಿತು’ ಎಂದು ದೇಹಕ್ಕೆ ತಿಳಿಸುವ ಮೆಲಟೋನಿನ್ ಹಾರ್ಮೋನು ಹದಿಹರೆಯದವರಲ್ಲಿ ತಡವಾಗಿ ಸ್ರವಿಸುತ್ತದೆ. ಹತ್ತು ವರ್ಷದವರಿದ್ದಾಗ ಒಂಬತ್ತಕ್ಕೆ ಬರುತ್ತಿದ್ದ ನಿದ್ದೆ ಹದಿನೇಳಕ್ಕೆ ಹನ್ನೊಂದಾದರೂ ಸುಳಿಯುವುದಿಲ್ಲ.

ಅಮೆರಿಕದ ನಿದ್ರಾವಿಜ್ಞಾನಿ ಮೇರಿ ಕಾರ್ಸ್ಕಡನ್ ಇದರ ಬೆನ್ನು ಹತ್ತಿದವರಲ್ಲಿ ಮೊದಲಿಗರು. 1976ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಅವರು ಮಕ್ಕಳಿಗಾಗಿ ಬೇಸಿಗೆಯ ‘ನಿದ್ದೆ ಶಿಬಿರ’ ಶುರುಮಾಡಿದರು. ಹತ್ತು, ಹನ್ನೊಂದು, ಹನ್ನೆರಡು ವರ್ಷದ ಮಕ್ಕಳು ಪ್ರತಿ ಬೇಸಿಗೆಗೂ ಬಂದು, ರಾತ್ರಿ ಹತ್ತು ಗಂಟೆ ಹಾಸಿಗೆಯಲ್ಲಿರುತ್ತಿದ್ದರು. ದೊಡ್ಡವರಾದಂತೆ ಅವರಿಗೆ ಕಡಿಮೆ ನಿದ್ದೆ ಸಾಕಾಗುತ್ತದೆ ಎಂದು ಎಲ್ಲರೂ ಎಣಿಸಿದ್ದರು. ಆಗಿದ್ದೇ ಬೇರೆ. ವರ್ಷ ಕಳೆದರೂ ಅವರು ಸರಾಸರಿ ಒಂಬತ್ತು ಗಂಟೆಗೂ ತುಸು ಹೆಚ್ಚೇ ನಿದ್ದೆ ಮಾಡಿದರು. ಈಗ ನಿದ್ರಾತಜ್ಞರು 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆನ್ನುತ್ತಾರೆ. ನಮ್ಮ ಪಿಯುಸಿ ಮಕ್ಕಳ ಅಪ್ಪ ಅಮ್ಮಂದಿರಿಗೆ ಈ ಅಂಕಿ ಹೇಳಿದರೆ ನಕ್ಕುಬಿಡುತ್ತಾರೆ.

ಓದು ನಿಂತ ಮೇಲೂ ಮಿದುಳಿನ ಕೆಲಸ ನಿಲ್ಲುವುದಿಲ್ಲ ಎಂಬುದೇ ಇಲ್ಲಿನ ಮುಖ್ಯ ಸಂಗತಿ. ಹಗಲು ಓದಿದ್ದು ಮೊದಲು ಹಿಪ್ಪೊಕ್ಯಾಂಪಸ್ ಎಂಬ ಭಾಗದಲ್ಲಿ ತಾತ್ಕಾಲಿಕವಾಗಿ ನಿಲ್ಲುತ್ತದೆ. ಗಾಢ ನಿದ್ದೆಯಲ್ಲಿ ಅದರ ನರಕೋಶಗಳು ಹಗಲಿನ ಪಾಠವನ್ನು ಮತ್ತೆ ಮತ್ತೆ ಮರುಕಳಿಸಿ, ಮಿದುಳಿನ ಹೊರಪದರದಲ್ಲಿ ನೆನಪನ್ನು ನೆಲೆಗೊಳಿಸುತ್ತವೆ. ಇದಲ್ಲದೆ ಕನಸು ಹೆಚ್ಚಾಗಿ ಬೀಳುವ ಇನ್ನೊಂದು ಬಗೆಯ ನಿದ್ದೆಯೂ ಇದೆ; ಅದರ ದೊಡ್ಡ ಪಾಲು ರಾತ್ರಿಯ ಕೊನೆಯ ಭಾಗದಲ್ಲಿರುತ್ತದೆ. ನಾಲ್ಕೂವರೆಯ ಅಲಾರಂ ಕತ್ತರಿಸುವುದು ಅದನ್ನೇ.

ಲಾಸ್ ಏಂಜಲೀಸ್‌ನ ಐನೂರಕ್ಕೂ ಹೆಚ್ಚು ಪ್ರೌಢಶಾಲಾ ವಿದ್ಯಾರ್ಥಿಗಳ ದಿನಚರಿಯನ್ನು ಅಲ್ಲಿನ ಸಂಶೋಧಕರು ವರ್ಷಗಟ್ಟಲೆ ಗಮನಿಸಿ 2013ರಲ್ಲಿ ವರದಿ ಮಾಡಿದರು. ನಿದ್ದೆ ಬಿಟ್ಟು ಎಂದಿಗಿಂತ ಹೆಚ್ಚು ಓದಿದ ಮಕ್ಕಳಿಗೆ ಮರುದಿನ ತರಗತಿಯಲ್ಲಿ ಪಾಠ ಅರ್ಥವಾಗದಿರುವುದು, ಪರೀಕ್ಷೆ ಕೆಡುವುದು ಹೆಚ್ಚಾಗಿತ್ತು. 2019ರಲ್ಲಿ ಅಮೆರಿಕದ ಎಂಐಟಿಯಿಂದ ಇನ್ನೊಂದು ಅಧ್ಯಯನ ಪ್ರಕಟವಾಯಿತು. ರಸಾಯನಶಾಸ್ತ್ರದ ಒಂದು ತರಗತಿಯ ವಿದ್ಯಾರ್ಥಿಗಳ ಕೈಗೆ ನಿದ್ದೆ ಅಳೆಯುವ ಪಟ್ಟಿ ಕಟ್ಟಿ, ಅಂಕಗಳ ಜೊತೆ ತಾಳೆ ನೋಡಿದ್ದರು. ಪರೀಕ್ಷೆಯ ಹಿಂದಿನ ಒಂದು ರಾತ್ರಿಯ ನಿದ್ದೆಗೂ ಅಂಕಕ್ಕೂ ನಂಟು ಕಾಣಲಿಲ್ಲ. ಹಿಂದಿನ ವಾರಗಳುದ್ದಕ್ಕೂ ಚೆನ್ನಾಗಿ, ನಿಯಮಿತವಾಗಿ ಮಲಗಿದವರ ಅಂಕ ಮಾತ್ರ ಮೇಲಿತ್ತು. ‘ಇವತ್ತಾದರೂ ಬೇಗ ಮಲಕ್ಕೋ’ ಎಂದು ಪರೀಕ್ಷೆಯ ಮುನ್ನಾದಿನ ಗದರುವುದರಿಂದ ಹೆಚ್ಚೇನೂ ಆಗದು. ಆ ಮಾತು ಫೆಬ್ರವರಿಯಲ್ಲೇ ಬರಬೇಕಿತ್ತು.

ಹಾಗಾದರೆ ಓದಿನ ವಿಷಯದಲ್ಲಿ ಹೆತ್ತವರು ಏನೂ ಮಾಡಬಾರದೇ? ಒಂದು ಕೆಲಸ ಇದೆ. ಅದಕ್ಕೆ ಅವರಿಗೆ ಭೌತಶಾಸ್ತ್ರ ಗೊತ್ತಿರಬೇಕಿಲ್ಲ.

2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳಿಗೆ ಚಿಕ್ಕ ಗದ್ಯಭಾಗಗಳನ್ನು ಓದಲು ಕೊಟ್ಟರು. ಕೆಲವು ಭಾಗಗಳನ್ನು ಅವರು ಎರಡನೇ ಸಲ ಓದಿದರು. ಉಳಿದವನ್ನು ಓದದೆ, ಹಾಳೆ ಮುಚ್ಚಿಟ್ಟು ನೆನಪಿದ್ದಷ್ಟು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದ್ದೇ ಹೆಚ್ಚು ನೆನಪಿತ್ತು. ವಾರ ಕಳೆದ ಮೇಲೆ ಕೇಳಿದಾಗ ತಿರುವುಮುರುವಾಯಿತು: ಎರಡು ಸಲ ಓದಿದ್ದರಲ್ಲಿ ಶೇ 42 ಉಳಿದಿತ್ತು, ನೆನಪಿನಿಂದ ಬರೆದದ್ದರಲ್ಲಿ ಶೇ 56. ಮತ್ತೆ ಮತ್ತೆ ಓದಿದಾಗ ಎಲ್ಲ ಬರುತ್ತದೆ ಎಂಬ ಭ್ರಮೆ ಹುಟ್ಟುತ್ತದೆ. ನೆನಪಿನಿಂದ ಹೆಕ್ಕಿ ತೆಗೆದಾಗ ನೆನಪು ಗಟ್ಟಿಯಾಗುತ್ತದೆ.

ನಮ್ಮಲ್ಲಿ ಮಗ್ಗಿ ಒಪ್ಪಿಸುವ ಪದ್ಧತಿ ಇತ್ತಲ್ಲ, ಅದೇ ದಾರಿ. ಸಂಜೆ ಇಪ್ಪತ್ತು ನಿಮಿಷ ಪುಸ್ತಕ ಅಮ್ಮನ ಕೈಯಲ್ಲಿರಲಿ. ‘ಇವತ್ತು ಓದಿದ್ದು ಏನು, ನನಗೆ ಅರ್ಥವಾಗೋ ಹಾಗೆ ಹೇಳು’ ಎಂದರೆ ಸಾಕು. ಎಲ್ಲಿ ತಡವರಿಸುತ್ತಾಳೋ ಅಲ್ಲಿ ಮಗಳೇ ಗುರುತು ಹಾಕಿಕೊಳ್ಳುತ್ತಾಳೆ. ಆದರೆ ಇದು ವಿಚಾರಣೆಯ ಧಾಟಿಗೆ ತಿರುಗಿದರೆ ಮಾರನೇ ದಿನ ಅವಳು ಕೋಣೆಯ ಬಾಗಿಲು ಹಾಕಿಕೊಳ್ಳುವುದೂ ಖಂಡಿತ.

ನಿರೀಕ್ಷೆಯ ವಿಷಯ ಇನ್ನೂ ಸೂಕ್ಷ್ಮ. ಜರ್ಮನಿಯ ಬವೇರಿಯಾದಲ್ಲಿ ಸುಮಾರು 3,500 ಮಕ್ಕಳನ್ನು ಐದು ವರ್ಷ ಗಮನಿಸಿದ ಅಧ್ಯಯನವೊಂದರ ಪ್ರಕಾರ, ಹೆತ್ತವರು ಒಳ್ಳೆಯ ಅಂಕ ಬಯಸಿದರೆ ಮಕ್ಕಳ ಗಣಿತ ಸುಧಾರಿಸುತ್ತದೆ. ಮಗುವಿನ ಕೈಲಿ ಆಗುತ್ತದೆ ಎಂದು ತಾವೇ ನಂಬಿರುವುದಕ್ಕಿಂತ ಹೆಚ್ಚನ್ನು ಬಯಸಿದಾಗ ಅದೇ ಗಣಿತ ಕುಸಿಯುತ್ತದೆ. ನಮ್ಮಲ್ಲಿ 2024ರಲ್ಲಿ ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು. ಆಗ ದೇಶದಲ್ಲಿದ್ದ ಎಂಬಿಬಿಎಸ್ ಸೀಟುಗಳು ಒಂದು ಲಕ್ಷಕ್ಕಿಂತ ತುಸು ಹೆಚ್ಚು. ‘ನಮ್ಮವಳು ಡಾಕ್ಟರೇ’ ಎಂದು ಮದುವೆಮನೆಗಳಲ್ಲಿ ಸಾರುವ ಮೊದಲು ಈ ಲೆಕ್ಕ ನೋಡಿಕೊಳ್ಳುವುದು ಒಳ್ಳೆಯದು.

ಮಕ್ಕಳಿಗಾಗಿ ಇನ್ನೂ ಏನಾದರೂ ಮಾಡಲೇಬೇಕೆಂಬ ಹಂಬಲವಿರುವ ಅಪ್ಪಂದಿರಿಗೆ ಕಾಗದಪತ್ರಗಳ ಕೆಲಸವಿದೆ. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಯ ವ್ಯಾಸಂಗ ಪ್ರಮಾಣಪತ್ರ, ಅರ್ಜಿಯಲ್ಲಿನ ಹೆಸರಿನ ಕಾಗುಣಿತ: ಇವನ್ನು ಮೊದಲೇ ಸರಿಮಾಡಿಟ್ಟರೆ ಮಗನ ತಲೆಯಿಂದ ದೊಡ್ಡ ಹೊರೆ ಇಳಿಯುತ್ತದೆ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ನೀಟ್‌ನಲ್ಲಿ ಒಂದು ಅಂಕ ಹೋಗುತ್ತದೆ ಎಂಬಂಥ ನಿಯಮಗಳೂ ಮನೆಯವರಿಗೆ ತಿಳಿದಿರಲಿ. ಸಿಇಟಿ ಪತ್ರಿಕೆಗಳು ಸಾಮಾನ್ಯವಾಗಿ ಬೆಳಿಗ್ಗೆ ಹತ್ತೂವರೆಗೆ, ಮಧ್ಯಾಹ್ನ ಎರಡೂವರೆಗೆ ಶುರುವಾಗುತ್ತವೆ. ನೀಟ್ ನಡೆದು ಬಂದಿರುವುದೂ ಮಧ್ಯಾಹ್ನವೇ. ಊಟವಾದ ಮೇಲೆ ಕಣ್ಣು ಎಳೆಯುವ ಹೊತ್ತು ಅದು. ಕೊನೆಯ ತಿಂಗಳಲ್ಲಿ ಮಾದರಿ ಪರೀಕ್ಷೆಯನ್ನು ಅದೇ ಹೊತ್ತಿಗೆ ಮನೆಯಲ್ಲಿ ಬರೆಸಿದರೆ ದೇಹಕ್ಕೂ ರೂಢಿಯಾಗುತ್ತದೆ.

ಮಲಗಲು ಬಿಟ್ಟರೂ ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ‘ನಾನಿದ್ದು ಏನು ಪ್ರಯೋಜನ’ ಎಂಬ ಮಾತು ಒಮ್ಮೆ ಬಂದರೂ ಸರಿ, ಅದನ್ನು ಪರೀಕ್ಷೆಯ ಭಯ ಎಂದು ತಳ್ಳಿಹಾಕಬೇಡಿ. ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ ನಡೆಯುವ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳಷ್ಟೇ ಅಲ್ಲ, ಹೆತ್ತವರೂ ಕರೆ ಮಾಡಬಹುದು.