ಊರ ಠೇವಣಿ, ಪರವೂರ ಸಾಲ

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಬ್ಯಾಂಕಿನ ಗೊಡವೆಯೇಕೆಂದು ತಾವು ಕೇಳಬಹುದು. ಸೇಡಂ ತಾಲ್ಲೂಕಿನ ಮಳಖೇಡವನ್ನು ನಾನು ಮೊದಲು ಅರಿತದ್ದು ‘ಕವಿರಾಜಮಾರ್ಗ’ ಹುಟ್ಟಿದ ಆಸ್ಥಾನದ ಮಾನ್ಯಖೇಟವಾಗಿ. ಅಲ್ಲಿಯ ಸಿಮೆಂಟು ಕಾರ್ಖಾನೆಯನ್ನೂ ತೊಗರಿಯ ಹೊಲಗಳನ್ನೂ ಕಂಡದ್ದು ಆಮೇಲೆ. ಚಿಂಚೋಳಿ ಕಡೆಯ ನನ್ನ ಶಿಷ್ಯನೊಬ್ಬ ಬೇಳೆ ಗಿರಣಿಗಾಗಿ ಸಾಲ ಬೇಡಿ ಒಂದು ಬ್ಯಾಂಕಿಗೆ ವರ್ಷವಿಡೀ ಅಲೆದ. ಅವನ ತಂದೆಯ ನಿವೃತ್ತಿಯ ಹಣವೆಲ್ಲ ಅದೇ ಶಾಖೆಯಲ್ಲಿ ಠೇವಣಿಯಾಗಿತ್ತು. ಈ ವಿಷಯ ನನ್ನನ್ನು ಹಿಡಿದದ್ದು ಅಂದಿನಿಂದ.

ವಾಡಿ, ಶಹಾಬಾದ, ಚಿತ್ತಾಪುರಗಳ ನೆಲದಡಿ ಸುಣ್ಣಕಲ್ಲಿನ ಭಂಡಾರವಿದೆ. ಆದರೂ ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ಚಿತ್ತಾಪುರ, ಸೇಡಂ, ಚಿಂಚೋಳಿ ಮೂರನ್ನೂ ಅತ್ಯಂತ ಹಿಂದುಳಿದ ತಾಲ್ಲೂಕುಗಳೆಂದು ಎಣಿಸಿತು. ವಾಡಿ, ಶಹಾಬಾದಗಳು ಆಗ ಚಿತ್ತಾಪುರದೊಳಗೇ ಇದ್ದವು.

ಒಂದು ಸೀಮೆಯಲ್ಲಿ ನೂರು ರೂಪಾಯಿ ಠೇವಣಿ ಪಡೆದ ಬ್ಯಾಂಕು ಅಲ್ಲಿಯೇ ನಲವತ್ತನ್ನು ಸಾಲವಾಗಿ ಕೊಟ್ಟರೆ ಸಾಲ-ಠೇವಣಿ ಅನುಪಾತ 40. ಉಳಿದದ್ದರಲ್ಲಿ ಒಂದು ಪಾಲು ಕಾನೂನಿನ ಮೀಸಲು. ಮಿಕ್ಕದ್ದು ಪರವೂರ ಸಾಲವಾಗಬಹುದು. ಗ್ರಾಮೀಣ ಮತ್ತು ಅರೆನಗರ ಶಾಖೆಗಳಿಗೆ ರಿಸರ್ವ್ ಬ್ಯಾಂಕು ಇಟ್ಟ ಗುರಿ 60. ಆದರೆ ಈ ಅಂಕಿಯೂ ಮೋಸ ಮಾಡಬಲ್ಲದು. ಕಾರ್ಖಾನೆಯೊಂದಕ್ಕೆ ದೊರೆತ ದೊಡ್ಡ ಸಾಲವು ಇಡೀ ಜಿಲ್ಲೆಯ ಸರಾಸರಿಯನ್ನು ಏರಿಸುತ್ತದೆ. ತೊಗರಿ ಬೆಳೆದವನ ಕೈಗೆ ಆಗಲೂ ಬಿಡಿಗಾಸು ಬಂದಿರುವುದಿಲ್ಲ.

ಸರ್ಕಾರದ ಹಣಕ್ಕೂ ಬ್ಯಾಂಕಿಗೂ ಇಲ್ಲಿ ಹಳೆಯ ನಂಟು. ನಿಜಾಮರ ಕಾಲದಲ್ಲಿ, 1941ರಲ್ಲಿ ಸ್ಥಾಪಿತವಾದ ಹೈದರಾಬಾದ್ ಸ್ಟೇಟ್ ಬ್ಯಾಂಕು ಸಂಸ್ಥಾನದ ಖಜಾನೆಯನ್ನು ನೋಡಿಕೊಳ್ಳುತ್ತಿತ್ತು. ಅದರ ಉತ್ತರಾಧಿಕಾರಿ 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. ಗುಲಬರ್ಗದಲ್ಲಿ 1978ರಲ್ಲಿ ಹುಟ್ಟಿದ ಕೃಷ್ಣಾ ಗ್ರಾಮೀಣ ಬ್ಯಾಂಕೂ ವಿಲೀನದ ಮೇಲೆ ವಿಲೀನ ಕಂಡು ತನ್ನ ಹೆಸರನ್ನು ಕಳೆದುಕೊಂಡಿತು. ಊರ ಹೆಸರಿನ ಬ್ಯಾಂಕಿಗೆ ಊರ ಮುಲಾಜು ಇರುತ್ತಿತ್ತೆಂಬುದು ನನ್ನ ಭಾವನೆ. ಇದನ್ನು ಅರ್ಥಶಾಸ್ತ್ರಜ್ಞರು ಒಪ್ಪಲಾರರು.

ಅಮೆರಿಕದ ಒಹಾಯೊ, ಮಿಸೌರಿ ರಾಜ್ಯಗಳಲ್ಲಿ ಸರ್ಕಾರವು ಕಡಿಮೆ ಬಡ್ಡಿಗೆ ಠೇವಣಿಯಿಡುತ್ತದೆ. ಬಿಟ್ಟುಕೊಟ್ಟ ಬಡ್ಡಿಯ ಲಾಭವನ್ನು ಬ್ಯಾಂಕು ರೈತರಿಗೋ ಸಣ್ಣ ಉದ್ಯಮಿಗಳಿಗೋ ದಾಟಿಸಬೇಕು. 371(ಜೆ) ವಿಧಿ ಬಂದ ಮೇಲೆ ನಮ್ಮ ಪ್ರದೇಶಾಭಿವೃದ್ಧಿ ಮಂಡಳಿಗೂ ದೊಡ್ಡ ಮೊತ್ತ ಬರುತ್ತಿದೆ. ಅಂಥ ಹಣ ವೆಚ್ಚವಾಗುವವರೆಗೆ ಯಾವ ಬ್ಯಾಂಕಿನಲ್ಲಿರಬೇಕೆಂಬುದನ್ನು, ಆ ಬ್ಯಾಂಕು ಇಲ್ಲಿ ಕೊಟ್ಟ ಸಾಲವನ್ನು ನೋಡಿ ತೀರ್ಮಾನಿಸಬಾರದೇಕೆ?

ಆಯುಧದ ಶಕ್ತಿ 2024ರ ಆಗಸ್ಟಿನಲ್ಲಿ ಕಂಡಿತು. ಎರಡು ದೊಡ್ಡ ಬ್ಯಾಂಕುಗಳಿಂದ ಠೇವಣಿಗಳನ್ನು ಹಿಂಪಡೆಯುವಂತೆ ರಾಜ್ಯ ಸರ್ಕಾರ ಸುತ್ತೋಲೆ ಹೊರಡಿಸಿ, ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಿತು. ಆದರೆ ಅಂದಿನ ಜಗಳ ಸರ್ಕಾರದ ಸ್ವಂತ ಹಣದ್ದು, ಚಿಂಚೋಳಿಯ ರೈತನದ್ದಲ್ಲ.

ತೊಡಕುಗಳೂ ಉಂಟು. ಸರ್ಕಾರದ ಠೇವಣಿ ಯಾವಾಗ ಬೇಕಾದರೂ ಹೊರಟುಹೋಗುವಂಥದು; ಬಾವಿಯ ಸಾಲಕ್ಕೆ ವರ್ಷಗಳ ಅವಧಿ ಬೇಕು. ಠೇವಣಿಯ ಆಸೆಗೆ ತೀರಲಾರದ ಸಾಲ ಹಂಚಿದರೆ ಮುಳುಗುವುದು ಜನರ ಹಣವೇ. ಆದ್ದರಿಂದ ಮೊದಲು ತಾಲ್ಲೂಕುವಾರು ಲೆಕ್ಕ ಹೊರಬರಲಿ: ಸೇಡಂನಿಂದ ಬಂದ ಠೇವಣಿ ಎಷ್ಟು, ಕಾರ್ಖಾನೆಗಳನ್ನು ಬಿಟ್ಟು ಸೇಡಂಗೆ ಕೊಟ್ಟ ಸಾಲ ಎಷ್ಟು. ನನ್ನ ಶಿಷ್ಯನಿಗೆ ಕೊನೆಗೆ ಸಾಲ ಸಿಕ್ಕಿತು, ಖಾಸಗಿ ಲೇವಾದೇವಿಯಲ್ಲಿ, ತಿಂಗಳ ಬಡ್ಡಿಗೆ.