ನಾಣ್ಯದ ದರ್ಜೆಗೆ ನ್ಯಾಯದ ದರ

ಕಳೆದ ವರ್ಷ ತೀರಿಕೊಂಡ ನನ್ನ ಸ್ನೇಹಿತರೊಬ್ಬರು ಮೈಸೂರಿನ ಪ್ರೌಢಶಾಲೆಯೊಂದರಲ್ಲಿ ಇತಿಹಾಸದ ಅಧ್ಯಾಪಕರಾಗಿದ್ದವರು. ಸಂಬಳದಲ್ಲಿ ಉಳಿಸಿದ ಹಣದಿಂದ ನಲವತ್ತು ವರ್ಷಗಳ ಕಾಲ ಹಳೆಯ ನಾಣ್ಯಗಳನ್ನು ಕೂಡಿಟ್ಟಿದ್ದರು. ಅವರ ಪತ್ನಿ ಒಂದು ದಿನ ಬಿಸ್ಕತ್ತಿನ ಡಬ್ಬಿಯೊಂದನ್ನು ನನ್ನ ಮುಂದಿಟ್ಟು, ‘ಮೊಮ್ಮಗಳ ಕಾಲೇಜಿನ ಫೀಸು ಕಟ್ಟಬೇಕು, ಇವನ್ನು ಒಳ್ಳೆಯ ಬೆಲೆಗೆ ಮಾರಿಸಿಕೊಡಿ’ ಎಂದರು. ಡಬ್ಬಿಯಲ್ಲಿ ವಿಕ್ಟೋರಿಯಾ ರಾಣಿಯ ಮತ್ತು ಆರನೆಯ ಜಾರ್ಜನ ಬೆಳ್ಳಿ ರೂಪಾಯಿಗಳಿದ್ದವು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಆನೆಯ ಮುದ್ರೆಯ ತಾಮ್ರದ ಕಾಸುಗಳೂ ಇದ್ದವು.

ವ್ಯಾಪಾರಿಯೊಬ್ಬರು ಸಲಹೆ ಕೊಟ್ಟರು: ‘ಮೊದಲು ಗ್ರೇಡಿಂಗ್ ಮಾಡಿಸಿ. ದರ್ಜೆಯ ಚೀಟಿಯಿಲ್ಲದ ನಾಣ್ಯಕ್ಕೆ ಈಗ ಬೆಲೆಯಿಲ್ಲ.’ ಹದಿನೆಂಟು ನಾಣ್ಯಗಳನ್ನು ಆರಿಸಿ ಕೊಟ್ಟೆವು. ಆರಂಭದಲ್ಲಿ ಹೇಳಿದ ದರ ನಾಣ್ಯವೊಂದಕ್ಕೆ 1,200 ರೂಪಾಯಿ. ತೆರಿಗೆ, ಅಂಚೆ, ವಿಮೆ, ನಿರ್ವಹಣಾ ವೆಚ್ಚ ಮತ್ತು ಉತ್ತಮ ದರ್ಜೆ ಬಂದ ಎರಡು ನಾಣ್ಯಗಳಿಗೆ ‘ಮೌಲ್ಯಾಧಾರಿತ ಹೆಚ್ಚುವರಿ ಶುಲ್ಕ’ ಸೇರಿ ಕೊನೆಗೆ ಬಂದ ಬಿಲ್ಲು 34 ಸಾವಿರವನ್ನು ದಾಟಿತ್ತು. ಐದು ನಾಣ್ಯಗಳಿಗೆ ಅಂಕಿಯ ದರ್ಜೆಯೇ ದೊರೆಯಲಿಲ್ಲ. ದೀಪಾವಳಿಯ ಲಕ್ಷ್ಮೀಪೂಜೆಗೆಂದು ಆ ತಾಯಿ ವರ್ಷವರ್ಷವೂ ಅವುಗಳಿಗೆ ಹುಣಸೆಹಣ್ಣು ಹಚ್ಚಿ ಬೆಳಗುತ್ತಿದ್ದರು. ತಿಕ್ಕಿ ತೊಳೆದ ನಾಣ್ಯ ಸಂಗ್ರಾಹಕರ ದೃಷ್ಟಿಯಲ್ಲಿ ಗಾಯಗೊಂಡ ನಾಣ್ಯ. ದರ್ಜೆ ಸಿಗದಿದ್ದರೂ ಶುಲ್ಕ ಮಾತ್ರ ಪೂರ್ತಿ. ಉಳಿದ ಹನ್ನೊಂದು ನಾಣ್ಯಗಳಲ್ಲಿ ಹೆಚ್ಚಿನವು ಮಾರಾಟದಲ್ಲಿ ತಮ್ಮ ಶುಲ್ಕವನ್ನೂ ಹಿಂದಿರುಗಿಸಲಿಲ್ಲ. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ ಇರಬೇಕು.

ಇದು ಕೇವಲ ಒಂದು ಮನೆಯ ಕಥೆಯಾಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಆದರೆ ದರ್ಜೆಯ ಚೀಟಿ ಮಾರುಕಟ್ಟೆಯ ರಹದಾರಿಯಾಗುತ್ತಿರುವ ಈ ದಿನಗಳಲ್ಲಿ, ಆ ರಹದಾರಿಗೆ ಎಷ್ಟು ಸುಂಕ ಕೊಡುವುದು ನ್ಯಾಯ ಎಂಬ ಪ್ರಶ್ನೆಯನ್ನು ಸಾವಿರಾರು ಸಣ್ಣ ಸಂಗ್ರಾಹಕರ ಪರವಾಗಿ ಕೇಳಲೇಬೇಕಾಗಿದೆ.

ಗ್ರೇಡಿಂಗ್ ವ್ಯವಸ್ಥೆಯೇ ಅನಗತ್ಯವೆಂದು ನನ್ನ ವಾದವಲ್ಲ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿ ತೆಗೆದುಕೊಂಡರು. ಸರಕಿನ ಗುಣ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ ಎಂದಾದಾಗ ಕೊಳ್ಳುವವನು ಎಲ್ಲಕ್ಕೂ ಸರಾಸರಿ ಬೆಲೆಯನ್ನಷ್ಟೇ ಕೊಡುತ್ತಾನೆ. ಒಳ್ಳೆಯ ಸರಕು ಮಾರುಕಟ್ಟೆಯಿಂದ ಹಿಂದೆ ಸರಿಯುತ್ತದೆ. ಈ ವಿಚಾರಕ್ಕಾಗಿ ಅವರು 2001ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ನಕಲಿ ನಾಣ್ಯಗಳ ಹಾವಳಿಯಿರುವಲ್ಲಿ ನಿಷ್ಪಕ್ಷಪಾತಿಯಾದ ಮೂರನೆಯವನೊಬ್ಬ ಬೇಕು. ಹಿಂದೆ ಈ ಕೆಲಸವನ್ನು ಸರಾಫರು ಮಾಡುತ್ತಿದ್ದರು. ಸವೆದ ರೂಪಾಯಿಗೆ ಅವರು ‘ಬಟ್ಟಾ’ ಮುರಿದುಕೊಳ್ಳುತ್ತಿದ್ದರು. ಈಸ್ಟ್ ಇಂಡಿಯಾ ಕಂಪನಿ 1835ರಲ್ಲಿ ತನ್ನ ಪ್ರಾಂತ್ಯಗಳಿಗೆಲ್ಲ ಏಕರೂಪದ ರೂಪಾಯಿಯನ್ನು ತಂದ ಮೇಲೆ ಸರಾಫರ ಆ ಹಿಡಿತ ಸಡಿಲವಾಯಿತು. ಅಳತೆ ಏಕರೂಪವಾದರೆ ಮಧ್ಯವರ್ತಿಯ ಪಾಲು ಇಳಿಯುತ್ತದೆ ಎಂಬುದು ಅದರ ಪಾಠ.

ಇಂದಿನ ಗ್ರೇಡಿಂಗ್ ಬೆಳೆದದ್ದು ಅಮೆರಿಕದಲ್ಲಿ. ವಿಲಿಯಂ ಶೆಲ್ಡನ್ ಎಂಬ ಮನೋವಿಜ್ಞಾನಿ 1949ರಲ್ಲಿ ಅಲ್ಲಿನ ಹಳೆಯ ತಾಮ್ರದ ಸೆಂಟ್‌ಗಳಿಗಾಗಿ 1ರಿಂದ 70ರವರೆಗಿನ ಅಳತೆಯೊಂದನ್ನು ರೂಪಿಸಿದ. ತೀರ ಸವೆದ ನಾಣ್ಯಕ್ಕಿಂತ ಪರಿಪೂರ್ಣ ನಾಣ್ಯಕ್ಕೆ ಎಪ್ಪತ್ತು ಪಟ್ಟು ಬೆಲೆ ಎಂಬ ಲೆಕ್ಕ ಅದರ ಮೂಲ. ಅಂದರೆ ದರ್ಜೆಯ ಈ ಅಂಕಿ ಹುಟ್ಟಿದ್ದೇ ಬೆಲೆಯ ಸೂತ್ರವಾಗಿ. 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಕಾರ್ಯಾರಂಭಿಸಿ, ನಾಣ್ಯಕ್ಕೆ ಅಂಕಿ ಕೊಟ್ಟು ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುದ್ರೆಯೊತ್ತಿ ಭದ್ರಪಡಿಸುವ ಪದ್ಧತಿಯನ್ನು ಜನಪ್ರಿಯಗೊಳಿಸಿದವು. ಇಂದು ಕೆಲವು ನಾಣ್ಯಗಳಲ್ಲಿ 64ಕ್ಕೂ 65ಕ್ಕೂ ನಡುವಿನ ಒಂದೇ ಅಂಕಿ ಬೆಲೆಯನ್ನು ಹಲವು ಪಟ್ಟು ಏರಿಸಬಲ್ಲದು.

ಶುಲ್ಕದ ನ್ಯಾಯಾನ್ಯಾಯದ ಪ್ರಶ್ನೆ ಏಳುವುದು ಇಲ್ಲಿಯೇ. ಈ ಸಂಸ್ಥೆಗಳ ಶುಲ್ಕ ನಾಣ್ಯದ ಘೋಷಿತ ಮೌಲ್ಯಕ್ಕೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಅತಿ ಬೆಲೆಬಾಳುವ ನಾಣ್ಯಗಳಿಗೆ ನಿಗದಿತ ಶುಲ್ಕದ ಮೇಲೆ ಮೌಲ್ಯದ ಶೇಕಡ 1ರಷ್ಟನ್ನೂ ವಸೂಲು ಮಾಡುವ ಪದ್ಧತಿಯಿದೆ. ಸಂಸ್ಥೆಗಳ ಸಮರ್ಥನೆಯಲ್ಲಿ ಹುರುಳಿಲ್ಲದಿಲ್ಲ. ತಪ್ಪಾಗಿ ಹೆಚ್ಚಿನ ದರ್ಜೆ ಕೊಟ್ಟರೆ ನಷ್ಟ ತುಂಬಿಕೊಡುವ ಖಾತರಿಯನ್ನು ಅವು ನೀಡುತ್ತವೆ. ದೊಡ್ಡ ಮೊತ್ತದ ನಾಣ್ಯಕ್ಕೆ ಹೊಣೆಯೂ ದೊಡ್ಡದು. ಆದರೆ ಇಲ್ಲಿ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಸರಕುಗಳನ್ನು ಮಾರಲಾಗುತ್ತಿದೆ. ಮೊದಲನೆಯದು ಪರೀಕ್ಷಕನ ಶ್ರಮ. ಭೂತಗನ್ನಡಿಯ ಕೆಳಗೆ ಹತ್ತು ರೂಪಾಯಿಯ ನಾಣ್ಯಕ್ಕೂ ಹತ್ತು ಲಕ್ಷದ ನಾಣ್ಯಕ್ಕೂ ಆ ಶ್ರಮದಲ್ಲಿ ಬೆಲೆಯಷ್ಟು ಅಂತರವಿರುವುದಿಲ್ಲ. ಎರಡನೆಯದು ವಿಮೆ. ಎರಡನ್ನೂ ಬೆರೆಸಿದಾಗ, ಹೆಚ್ಚಿನ ದರ್ಜೆ ಕೊಟ್ಟಷ್ಟೂ ಹೆಚ್ಚು ಶುಲ್ಕ ಪಡೆಯುವ ಸ್ಥಿತಿ ಉಂಟಾಗುತ್ತದೆ. ತೀರ್ಪುಗಾರನ ಸಂಭಾವನೆ ತೀರ್ಪನ್ನು ಅವಲಂಬಿಸಬಾರದು. ಸಾಲಪತ್ರಗಳಿಗೆ ದರ್ಜೆ ನೀಡುವ ಸಂಸ್ಥೆಗಳು ದರ್ಜೆ ಪಡೆಯುವವರಿಂದಲೇ ಹಣ ಪಡೆದು ಮಾಡಿದ ಅನಾಹುತವನ್ನು 2008ರಲ್ಲಿ ಜಗತ್ತೇ ಕಂಡಿದೆ.

ದರ್ಜೆ ಕೊನೆಗೂ ಒಂದು ಅಭಿಪ್ರಾಯ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1990ರಲ್ಲಿ ಪ್ರಮುಖ ಸಂಸ್ಥೆಯೊಂದರ ಮೇಲೆ, ತನ್ನ ಗ್ರೇಡಿಂಗ್ ಸ್ಥಿರ ಹಾಗೂ ವಸ್ತುನಿಷ್ಠವೆಂಬ ಜಾಹೀರಾತು ಅತಿರಂಜಿತವೆಂದು ಆರೋಪ ಹೊರಿಸಿತ್ತು. ಆ ಪ್ರಕರಣ ಒಪ್ಪಂದದಲ್ಲಿ ಇತ್ಯರ್ಥವಾಯಿತು. ಪೆಟ್ಟಿಗೆಯನ್ನು ಒಡೆದು ಅದೇ ನಾಣ್ಯವನ್ನು ಮತ್ತೆ ಕಳುಹಿಸಿ, ಒಂದಂಕಿ ಹೆಚ್ಚು ಸಿಗುವವರೆಗೂ ಪ್ರಯತ್ನಿಸುವ ವ್ಯಾಪಾರಿಗಳು ಇಂದಿಗೂ ಇದ್ದಾರೆ. ಪ್ರತಿ ಪ್ರಯತ್ನಕ್ಕೂ ಹೊಸ ಶುಲ್ಕ! ಪರೀಕ್ಷಕನ ಅಸ್ಥಿರತೆಯೇ ಪರೀಕ್ಷಕನ ಆದಾಯವಾಗುವುದು ವಿಪರ್ಯಾಸವಲ್ಲವೇ?

ಭಾರತದ ಸಂಗ್ರಾಹಕನ ಕಷ್ಟ ಇನ್ನೂ ಒಂದು ಕೈ ಹೆಚ್ಚು. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ಮೀರಿದ ನಾಣ್ಯ ಪುರಾತನ ವಸ್ತು. ಖಾಸಗಿ ವ್ಯಕ್ತಿ ಅದನ್ನು ದೇಶದ ಹೊರಗೆ ಕಳುಹಿಸುವಂತಿಲ್ಲ. ಕಾನೂನು ಸರಿಯಾಗಿಯೇ ಇದೆ. ಆದರೆ ಇದರಿಂದ ನಮ್ಮ ಹಳೆಯ ನಾಣ್ಯಗಳಿಗೆ ದೇಶದೊಳಗಿನ ಕೆಲವೇ ಬಾಗಿಲುಗಳು ಉಳಿಯುತ್ತವೆ. ಬಾಗಿಲು ಕಡಿಮೆಯಾದಲ್ಲಿ ದ್ವಾರಪಾಲಕನ ಮಾತೇ ದರ.

ಹಾಗಾದರೆ ನ್ಯಾಯದ ದರ ಯಾವುದು? ಸೇವೆಯಲ್ಲಿದ್ದಾಗ ಶುಲ್ಕ ನಿಗದಿಯ ಕಡತಗಳು ಬಂದಾಗಲೆಲ್ಲ ನನಗೆ ನೆನಪಾಗುತ್ತಿದ್ದುದು ಉಡುಪಿಯ ಶೀರೂರು ಮಠದ ಪ್ರಕರಣ. ಮಠಗಳ ವರಮಾನದ ಮೇಲೆ ಅಂದಿನ ಮದ್ರಾಸ್ ಸರ್ಕಾರ ಶೇಕಡಾವಾರು ವಂತಿಗೆ ವಿಧಿಸಿ ಅದನ್ನು ಶುಲ್ಕವೆಂದು ಸಮರ್ಥಿಸಿಕೊಂಡಿತ್ತು. ಸುಪ್ರೀಂ ಕೋರ್ಟ್ 1954ರಲ್ಲಿ ಅದನ್ನು ಒಪ್ಪಲಿಲ್ಲ: ಸಲ್ಲಿಸಿದ ಸೇವೆಯೊಂದಿಗೆ ಸಂಬಂಧವಿಲ್ಲದ ವಸೂಲಿ ತೆರಿಗೆಯೇ ಹೊರತು ಶುಲ್ಕವಲ್ಲ. ಸರ್ಕಾರವೇ ಈ ತತ್ವವನ್ನು ಎಲ್ಲೆಡೆ ಪಾಲಿಸಿದೆಯೆಂದು ನಾನು ಹೇಳಲಾರೆ. ಆಸ್ತಿ ನೋಂದಣಿಯ ಶುಲ್ಕ ಇಂದಿಗೂ ಆಸ್ತಿಯ ಬೆಲೆಯ ಮೇಲೆಯೇ ಇದೆ. ಖಾಸಗಿ ವ್ಯವಹಾರಕ್ಕೆ ಆ ತೀರ್ಪು ಅನ್ವಯಿಸುವುದೂ ಇಲ್ಲ. ಆದರೂ ನ್ಯಾಯದ ಅಳತೆಗೋಲಾಗಿ ಅದು ಉಪಯುಕ್ತ. ಇದಕ್ಕೊಂದು ಒಳ್ಳೆಯ ಮಾದರಿ ನಮ್ಮಲ್ಲೇ ಇದೆ. ಚಿನ್ನದ ಹಾಲ್‌ಮಾರ್ಕ್ ಶುಲ್ಕವನ್ನು 2022ರಲ್ಲಿ ಪರಿಷ್ಕರಿಸಿದಾಗ ಆಭರಣವೊಂದಕ್ಕೆ 45 ರೂಪಾಯಿ ಎಂದು ನಿಗದಿಯಾಯಿತು. ಐದು ಗ್ರಾಂ ಓಲೆಯಾಗಲಿ, ನೂರು ಗ್ರಾಂ ಸರವಾಗಲಿ, ದರ ಒಂದೇ.

ಹಾಲ್‌ಮಾರ್ಕ್ ಕಡ್ಡಾಯವಾದ್ದರಿಂದ ಅದರ ದರವನ್ನು ಸರ್ಕಾರ ನಿಗದಿ ಮಾಡುವುದು ಸರಿ. ಗ್ರೇಡಿಂಗ್ ಐಚ್ಛಿಕ; ಅದಕ್ಕೆ ದರ ನಿಯಂತ್ರಣ ಬೇಕೆಂದು ನಾನು ಹೇಳುವುದಿಲ್ಲ. ನಾನು ಕೇಳುವುದು ನಾಲ್ಕೇ. ಒಂದು, ಪರೀಕ್ಷೆಯ ಶುಲ್ಕ ನಾಣ್ಯವೊಂದಕ್ಕೆ ಇಂತಿಷ್ಟು ಎಂದಿರಲಿ. ಖಾತರಿಯ ವಿಮೆಯನ್ನು ಬೇಕಾದವರು ಬೇರೆಯಾಗಿ ಕೊಳ್ಳಲಿ. ಎರಡು, ನಾಣ್ಯ ಕೊಡುವ ಮೊದಲೇ ತೆರಿಗೆ, ಅಂಚೆ, ವಿಮೆ ಎಲ್ಲ ಸೇರಿದ ಒಟ್ಟು ಮೊತ್ತವನ್ನು ಬರಹದಲ್ಲಿ ತಿಳಿಸಲಿ. ಸೋಪಿನ ಪೊಟ್ಟಣದ ಮೇಲೆ ‘ಎಲ್ಲ ತೆರಿಗೆಗಳೂ ಸೇರಿ’ ಎಂದು ಬರೆಯಲು ಸಾಧ್ಯವಾದರೆ ಇಲ್ಲೇಕೆ ಆಗದು? ಮೂರು, ಅಂಕಿಯ ದರ್ಜೆ ಸಿಗದ ನಾಣ್ಯಕ್ಕೆ ಶುಲ್ಕದ ಒಂದು ಭಾಗವನ್ನು ಹಿಂದಿರುಗಿಸಲಿ. ನಾಲ್ಕು, ಮರುಪರೀಕ್ಷೆಯಲ್ಲಿ ದರ್ಜೆ ಬದಲಾದರೆ ಆ ಶುಲ್ಕವನ್ನು ಸಂಸ್ಥೆಯೇ ಭರಿಸಲಿ. ನಮ್ಮ ನಾಣ್ಯ ಸಂಗ್ರಾಹಕರ ಸಂಘಗಳು ಒಟ್ಟಾಗಿ ಇವನ್ನು ಕೇಳಿದರೆ ಸಂಸ್ಥೆಗಳು ಕಿವಿಗೊಡದೆ ಇರಲಾರವು.

ಅಲ್ಲಿಯವರೆಗೆ ಸಂಗ್ರಾಹಕರು ಒಂದು ಸರಳ ಲೆಕ್ಕವನ್ನು ಮರೆಯದಿರಲಿ. ದರ್ಜೆಯಿಂದ ಏರಬಹುದಾದ ಬೆಲೆಯನ್ನು ಆ ದರ್ಜೆ ಸಿಗುವ ಸಂಭವದಿಂದ ಗುಣಿಸಿ ನೋಡಿ. ಅದು ಒಟ್ಟು ಖರ್ಚಿಗಿಂತ ಹೆಚ್ಚಿದ್ದರೆ ಮಾತ್ರ ಗ್ರೇಡಿಂಗ್ ಮಾಡಿಸಿ. 1940ರಿಂದ 1945ರವರೆಗಿನ, ಅರ್ಧದಷ್ಟೇ ಬೆಳ್ಳಿಯಿರುವ ಸಾಮಾನ್ಯ ರೂಪಾಯಿಗಳು ಸವೆದಿದ್ದರೆ ಆ ಲೆಕ್ಕದಲ್ಲಿ ಗೆಲ್ಲುವುದು ಅಪರೂಪ. ಈ ಲೆಕ್ಕವನ್ನು ಅರ್ಥಶಾಸ್ತ್ರ ಓದಿದ ನಾನೇ ಮೊದಲು ಹಾಕಿ ನೋಡಿದ್ದರೆ ಗೆಳೆಯನ ಮನೆಗೆ ಅಷ್ಟು ಹಣ ಉಳಿಯುತ್ತಿತ್ತು.

ದರ್ಜೆ ಸಿಗದ ಆ ಐದು ನಾಣ್ಯಗಳನ್ನು ಹಿಂದಿರುಗಿಸಿದಾಗ ಆ ತಾಯಿ ಅವನ್ನು ಪ್ಲಾಸ್ಟಿಕ್ ಪೆಟ್ಟಿಗೆಯಿಂದ ತೆಗೆಸಿ ಮತ್ತೆ ದೇವರ ಮನೆಯಲ್ಲಿಟ್ಟರು. ‘ನಮ್ಮ ಪೂಜೆಗೆ ಇವೇ ಒಳ್ಳೆಯ ನಾಣ್ಯ’ ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.